ಗಮನ ಎಲ್ಲಿಗೆ ಹೋಗುತ್ತದೆ?

ಕನ್ನಡದಲ್ಲಿ ನಾವು ಗಮನವನ್ನು ‘ಕೊಡುತ್ತೇವೆ’. ಗಮನ ಕೊಡು, ಲಕ್ಷ್ಯ ಕೊಡು, ಕಿವಿಗೊಡು. ಕೊಡಬೇಕಾದರೆ ಅದು ಕೈಯಲ್ಲಿರಬೇಕು. ಇದ್ದೂ ಕೊಡದವನು ಬೇಕೆಂದೇ ಉದಾಸೀನ ಮಾಡಿದ ಹಾಗೆ. ಶಾಲೆಯ ಬೈಗುಳ, ಮನೆಯ ಮುನಿಸು ಎರಡೂ ಈ ಲೆಕ್ಕದ ಮೇಲೆಯೇ ನಿಂತಿವೆ. ಆದರೆ ‘ಗಮನ’ ಎಂಬ ಸಂಸ್ಕೃತ ಪದಕ್ಕೆ ಮೂಲದಲ್ಲಿರುವ ಅರ್ಥ ‘ಹೋಗುವುದು’. ಆಘಾತ ಉಂಡವರನ್ನೂ ಸ್ಕಿಜೋಫ್ರೇನಿಯಾದಿಂದ ಬಳಲುವವರನ್ನೂ ಅರ್ಥಮಾಡಿಕೊಳ್ಳಲು ಈ ಹಳೆಯ ಅರ್ಥವೇ ಹೆಚ್ಚು ಒದಗುತ್ತದೆ ಎಂದು ನನ್ನ ನಂಬಿಕೆ. ಅವರ ಗಮನ ಎಲ್ಲಿಗೋ ಹೋಗಿರುತ್ತದೆ. ಕಳಿಸಿದವರು ಮಾತ್ರ ಅವರಲ್ಲ.

ರಾತ್ರಿ ಬಸ್ಸಿನ ಅಪಘಾತದಲ್ಲಿ ಬದುಕುಳಿದ ಹೆಂಗಸೊಬ್ಬಳು ಎಷ್ಟೋ ತಿಂಗಳ ಮೇಲೆ ಅಡುಗೆಮನೆಯಲ್ಲಿ ನಿಂತಿದ್ದಾಳೆ ಎಂದುಕೊಳ್ಳಿ. ಬೀದಿಯಲ್ಲಿ ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಅವಳಿಗೆ ತಿಳಿಯುವುದಿಲ್ಲ. ಮೆದುಳಿನ ಆಳದಲ್ಲಿ ಬಾದಾಮಿಯಾಕಾರದ ಅಮಿಗ್ಡಾಲ ಎಂಬ ಭಾಗವಿದೆ. ಅಪಾಯವನ್ನು ಗುರುತಿಸುವುದರಲ್ಲಿ ಅದರದು ದೊಡ್ಡ ಪಾತ್ರ. ಹಣೆಯ ಹಿಂದಿರುವ ಮೆದುಳಿನ ಭಾಗ ಅದನ್ನು ಹತೋಟಿಯಲ್ಲಿಡುತ್ತದೆ. ಹಿಪ್ಪೊಕ್ಯಾಂಪಸ್ ‘ಇದು ಆ ರಾತ್ರಿಯಲ್ಲ, ಆ ರಸ್ತೆಯಲ್ಲ’ ಎಂದು ಹೊತ್ತು ಜಾಗಗಳ ಗುರುತು ಹಚ್ಚುತ್ತದೆ. ತೀವ್ರ ಆಘಾತವಾದ ಮೇಲೆ ಕೆಲವರಲ್ಲಿ ಈ ಮೂರರ ಹೊಂದಾಣಿಕೆ ತಪ್ಪುತ್ತದೆ. ಆಗ ಗಮನ ಹಗಲಿರುಳು ಬಾಗಿಲು ಕಾಯುತ್ತಾ ಕೂರುತ್ತದೆ. ಪುಸ್ತಕದ ಸಾಲಿಗೆ, ಮಗುವಿನ ಮಾತಿಗೆ ಅದು ಉಳಿಯುವುದು ಅಷ್ಟಕ್ಕಷ್ಟೆ.

‘ಆಘಾತ ಮೆದುಳನ್ನು ಕುಗ್ಗಿಸುತ್ತದೆ’ ಎಂದು ಸಲೀಸಾಗಿ ಹೇಳಿಬಿಡುವವರಿದ್ದಾರೆ. ವಿಷಯ ಅಷ್ಟು ಸರಳವಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತದ್ರೂಪಿ ಅವಳಿ ಅಣ್ಣತಮ್ಮಂದಿರನ್ನು ಪರೀಕ್ಷಿಸಿತು: ಒಬ್ಬ ವಿಯೆಟ್ನಾಂ ಯುದ್ಧಕ್ಕೆ ಹೋದವನು, ಇನ್ನೊಬ್ಬ ಹೋಗದವನು. ಯುದ್ಧದಿಂದ ತೀವ್ರವಾಗಿ ನಲುಗಿದವರ ಹಿಪ್ಪೊಕ್ಯಾಂಪಸ್ ಚಿಕ್ಕದಾಗಿತ್ತು ನಿಜ. ಮನೆಯಲ್ಲೇ ಉಳಿದ ಅವರ ಅವಳಿಯದೂ ಚಿಕ್ಕದಾಗಿಯೇ ಇತ್ತು! ಅಂದರೆ ಕೆಲವರು ಹುಟ್ಟಿನಿಂದಲೇ ಆಘಾತಕ್ಕೆ ಹೆಚ್ಚು ಸುಲಭವಾಗಿ ತುತ್ತಾಗುವ ಮೆದುಳನ್ನು ಪಡೆದಿರಬಹುದು. ಒಂದೇ ಅಪಘಾತದಿಂದ ಎದ್ದುಬಂದ ಇಬ್ಬರಲ್ಲಿ ಒಬ್ಬರನ್ನು ತೋರಿಸಿ ‘ಅವರು ಸುಧಾರಿಸಿಕೊಳ್ಳಲಿಲ್ಲವೇ, ನಿನಗೇನು ಬಂತು?’ ಎಂದು ಇನ್ನೊಬ್ಬರನ್ನು ಕೇಳುವವರು ಇದನ್ನು ನೆನಪಿಡಬೇಕು.

ಸ್ಕಿಜೋಫ್ರೇನಿಯಾದಲ್ಲಿ ಗಮನದ ಪಾಡು ಬೇರೆ. ಅಲ್ಲಿ ಹರಿದಿರುವುದು ಜರಡಿ. ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ‘ಟಿಕ್’ ಸದ್ದು ಕೇಳಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಒಂದು ಪ್ರಯೋಗವಿದೆ. ಸಾಮಾನ್ಯವಾಗಿ ಎರಡನೆಯ ಸದ್ದಿಗೆ ಮೆದುಳಿನ ಪ್ರತಿಕ್ರಿಯೆ ಬಹಳ ತಗ್ಗುತ್ತದೆ. ಗೊತ್ತಿರುವ ಸದ್ದು, ಬಿಡು ಎಂಬಂತೆ. ಈ ಕಾಯಿಲೆಯಿರುವ ಅನೇಕರಲ್ಲಿ ಅದು ಅಷ್ಟು ತಗ್ಗುವುದಿಲ್ಲ. ಫ್ಯಾನಿನ ಸದ್ದು, ಪಕ್ಕದ ಮನೆಯ ಕುಕ್ಕರ್ ಸೀಟಿ, ಎದುರು ಕೂತವರ ಮಾತು ಎಲ್ಲವೂ ಒಂದೇ ತೂಕದಲ್ಲಿ ಒಳನುಗ್ಗಿದರೆ ಯಾವುದನ್ನು ಆರಿಸುವುದು?

ಶಿತಿಜ್ ಕಪೂರ್ ಎಂಬ ಮನೋವೈದ್ಯರು 2003ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಪ್ರಕಾರ, ‘ಇದು ಮುಖ್ಯ, ಇತ್ತ ನೋಡು’ ಎಂದು ಗುರುತು ಹಾಕುವ ಕೆಲಸದಲ್ಲಿ ಡೋಪಮಿನ್ ಎಂಬ ರಾಸಾಯನಿಕಕ್ಕೆ ಪಾಲಿದೆ. ಅದರ ಲಯ ತಪ್ಪಿದಾಗ ಬಸ್ಸಿನ ನಂಬರಿಗೂ ಅಪರಿಚಿತರ ಕೆಮ್ಮಿಗೂ ಗುರುತು ಬೀಳುತ್ತದೆ. ಏಕೆ ಇದೆಲ್ಲ ನನಗೇ ಕಾಣುತ್ತಿದೆ ಎಂದು ಮನಸ್ಸು ಕಾರಣ ಹುಡುಕುತ್ತದೆ. ಸಿಕ್ಕ ಕಾರಣವೇ ಭ್ರಮೆಯಾಗಿ ಗಟ್ಟಿಯಾಗುತ್ತದೆ. ಈ ವಿವರಣೆ ಕಾಯಿಲೆಯ ಪೂರ್ತಿ ಕಥೆಯಲ್ಲ. ಆದರೂ ಹುಚ್ಚು ಎಂದು ನಾವು ತಳ್ಳಿಹಾಕುವುದರೊಳಗೆ ಅರ್ಥಕ್ಕಾಗಿ ಒದ್ದಾಡುವ ಮನುಷ್ಯನೊಬ್ಬನನ್ನು ಅದು ಕಾಣಿಸಿತು. ನನಗೆ ಅದು ದೊಡ್ಡ ಸಂಗತಿ.

ಆಘಾತಕ್ಕೂ ಈ ಕಾಯಿಲೆಗೂ ನಂಟಿದೆಯೇ? ಇದೆ. ಬಾಲ್ಯದಲ್ಲಿ ಹಿಂಸೆ, ದೌರ್ಜನ್ಯ, ನಿರ್ಲಕ್ಷ್ಯ ಅನುಭವಿಸಿದವರಲ್ಲಿ ಭ್ರಮೆ ಹುಟ್ಟಿಸುವ, ಇಲ್ಲದ ಧ್ವನಿಗಳನ್ನು ಕೇಳಿಸುವ ಕಾಯಿಲೆಗಳ ಸಂಭವ ಸುಮಾರು ಮೂರು ಪಟ್ಟಿನಷ್ಟು ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2012ರ ವಿಶ್ಲೇಷಣೆ ಹೇಳಿತು. ಹಾಗೆಂದು ಹಿಂಸೆ ಕಂಡ ಮಕ್ಕಳಲ್ಲಿ ಬಹುಪಾಲು ಮಂದಿಗೆ ಈ ಕಾಯಿಲೆ ಬರುವುದಿಲ್ಲ. ಅಕ್ಕರೆಯಲ್ಲಿ ಬೆಳೆದವರಿಗೂ ಬರುತ್ತದೆ. ವಂಶವಾಹಿಗಳ ಪಾಲು ದೊಡ್ಡದು. ಇದನ್ನು ಒತ್ತಿ ಹೇಳಲು ಕಾರಣವಿದೆ. 1948ರಿಂದಾಚೆಗೆ ಕೆಲವು ದಶಕ ಅಮೆರಿಕದ ಮನೋವೈದ್ಯಕೀಯ ತಾಯಂದಿರನ್ನೇ ಈ ಕಾಯಿಲೆಯ ಮೂಲವೆಂದು ದೂರಿತು. ಮಗನನ್ನು ಕಾಯಿಲೆಗೆ ಒಪ್ಪಿಸಿದ ತಾಯಿಯ ತಲೆಗೆ ಆ ಪಾಪವನ್ನೂ ಕಟ್ಟಿದ್ದು ಕ್ರೌರ್ಯ. ಅದು ಮತ್ತೆ ಮರುಕಳಿಸಬಾರದು.

ಮನೆಯವರನ್ನು ಹೆಚ್ಚು ದಣಿಸುವುದು ಮಾತ್ರೆ ಶುರುವಾದ ನಂತರದ ಕಾಲ. ಕಿವಿಯೊಳಗಿನ ಧ್ವನಿಗಳು ಅಡಗುತ್ತವೆ, ಸಂಶಯ ತಗ್ಗುತ್ತದೆ. ಮಗ ಮಾತ್ರ ಪೇಪರ್ ಹಿಡಿದು ಒಂದು ಸುದ್ದಿಯನ್ನೂ ಮುಗಿಸಲಾರ. ಅಂಗಡಿಗೆ ಹೋದವನು ಏನು ತರಬೇಕೆಂದು ಮರೆತು ವಾಪಸು ಬರುತ್ತಾನೆ. ‘ಗುಣವಾಗಿದೆಯಲ್ಲ, ಈಗೇನು ಸೋಮಾರಿತನ?’ ಎಂಬ ಮಾತು ಏಳುವುದು ಆಗಲೇ. ಇಂದಿನ ಔಷಧಿಗಳು ಭ್ರಮೆಗಳನ್ನು ತಗ್ಗಿಸುವಷ್ಟು ಚೆನ್ನಾಗಿ ಗಮನವನ್ನು ಸರಿಪಡಿಸಲಾರವು. ಗಮನದ ತೊಂದರೆಯೂ ಕಾಯಿಲೆಯದೇ ಭಾಗ. ದನಿ ಏರಿಸಿದರೆ ಜರಡಿ ಹರಿದ ಮನಸ್ಸಿಗೆ ಇನ್ನೊಂದು ಸದ್ದು ಸೇರುತ್ತದೆ, ಅಷ್ಟೇ. ಟೀಕೆ, ಸಿಡುಕು ಹೆಚ್ಚಿರುವ ಮನೆಗೆ ಮರಳಿದವರಲ್ಲಿ ಕಾಯಿಲೆ ಹೆಚ್ಚು ಬೇಗ ಮರುಕಳಿಸುತ್ತದೆ ಎಂದು ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲೇ ಲಂಡನ್ನಿನಿಂದ ವರದಿ ಮಾಡಿದ್ದರು.

ನನಗೆ ಗೊತ್ತಿರುವ ತಾಯಿಯೊಬ್ಬರು ಹಿಂದೆ ಮಗನಿಗೆ ಒಂದೇ ಉಸಿರಿಗೆ ಹೇಳುತ್ತಿದ್ದರು: ಸ್ನಾನ ಮಾಡು, ತಿಂಡಿ ತಿನ್ನು, ಅಂಗಡಿಗೆ ಹೋಗಿ ಬೇಳೆ ತಾ. ಈಗ ಮೊದಲು ಟಿವಿ ಆರಿಸುತ್ತಾರೆ. ಎದುರು ಕೂತು, ‘ಬಾ ಮಗಾ, ಸ್ನಾನ ಮಾಡ್ಕೊಂಡ್ ಬಾ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಬೇಳೆಯ ವಿಷಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದ ಚೀಟಿಯಾಗಿ ಅವನ ಜೇಬಿಗೆ ಹೋಗುತ್ತದೆ. ಕೆಲವು ದಿನ ಬೇಳೆ ಬರುತ್ತದೆ. ಬಾರದ ದಿನ ಅವರು ಚೀಟಿಯನ್ನು ತೆಗೆದು ನಾಳೆಗೆ ಎತ್ತಿಡುತ್ತಾರೆ.