ಹಿತ್ತಲ ಬಾಗಿಲಿನ ಕಿವಿ

“ಹಕ್ಕಿ ಗುರುತಿಸಲು ದುರ್ಬೀನು ಬೇಕಮ್ಮ, ಬಿಡುವು ಬೇಕು. ಅಡುಗೆಮನೆಯಲ್ಲಿ ನಿಂತು ಆಗುವ ಕೆಲಸವಲ್ಲ” ಎಂದರು ಮನೆಗೆ ಬಂದಿದ್ದ ಹಕ್ಕಿಪ್ರಿಯರೊಬ್ಬರು. ಅವರಿಗೆ ಕಾಫಿ ಕೊಡುತ್ತಿದ್ದವಳು ನಾನು. ಅದೇ ಹೊತ್ತಿಗೆ ಹಿತ್ತಲಿನ ಮಾವಿನ ಮರದಿಂದ ‘ಚಿ-ವೀ’ ಎಂಬ ಕೂಗು ಬಂತು. “ಗ್ರೀನಿಷ್ ವಾರ್ಬ್ಲರ್” ಎಂದೆ. ಅವರು ನಕ್ಕರು. ಎಲೆಯುಲಿಯಕ್ಕಿಗಳ ಮುಂದೆ ಪಂಡಿತರೇ ಸೋಲುತ್ತಾರಂತೆ!

ಕಣ್ಣಿಗೆ ಕಷ್ಟ, ನಿಜ. 8 ಗ್ರಾಂ ಆಸುಪಾಸಿನ, ಎಲೆಬಣ್ಣದ ಜೀವ, ಕ್ಷಣ ನಿಲ್ಲದು. ಮಾಸಲು ಹುಬ್ಬು ಅದರ ಬಳಗದಲ್ಲಿ ಹಲವರಿಗುಂಟು. ರೆಕ್ಕೆಯ ತೆಳುಪಟ್ಟಿ ಗರಿ ಸವೆದಂತೆ ಅಳಿಸಿಹೋಗುತ್ತದೆ. ಕೂಗು ಮಾತ್ರ ಸವೆಯದು. ಇಂಗ್ಲೆಂಡಿನ ಗಿಲ್ಬರ್ಟ್ ವೈಟ್, ನೋಡಲು ಒಂದೇ ಎನಿಸುವ ಎಲೆಯುಲಿಯಕ್ಕಿಗಳಲ್ಲಿ ಮೂರು ಜಾತಿಗಳಿವೆ ಎಂದು 1768ರಲ್ಲೇ ಹೇಳಿದ್ದು ಮುಖ್ಯವಾಗಿ ಹಾಡು ಕೇಳಿಯೇ.

ಸಿಡಿಯುವ ಸದ್ದಿನಲ್ಲೇ ಸಾಸಿವೆಯ ಹದ ಬಲ್ಲ ನಮಗೆ ಕಿವಿ ಇಲ್ಲವೇ? ಹಿಮಾಲಯ, ಮಧ್ಯ ಏಷ್ಯಾದ ಕಡೆ ಮರಿ ಮಾಡಿ, ಮಳೆಗಾಲ ಮುಗಿಯುವಾಗ ದಕ್ಷಿಣಕ್ಕೆ ಬರುವ ಈ ಅತಿಥಿ, ಬೇಸಿಗೆಯ ತನಕ ನಮ್ಮ ಮರಗಳಲ್ಲಿ ಹುಳ ಹೆಕ್ಕುತ್ತ ದಿನವೂ ಕೂಗುತ್ತದೆ. ಅದನ್ನು ದಿನವೂ ಕೇಳುವವರು ಯಾರು? ವಾರಕ್ಕೊಮ್ಮೆ ಬರುವ ದುರ್ಬೀನೋ, ಹಿತ್ತಲ ಬಾಗಿಲಲ್ಲಿ ನಿಲ್ಲುವ ನಾವೋ?

ಮೂರು ಚಳಿಗಾಲ ಕೇಳಿ, ಪುಸ್ತಕದೊಡನೆ ತಾಳೆ ನೋಡಿ ಕಲಿತ ಹೆಸರು ನನ್ನದು. ಇದರ ಕೂಗಿಗೆ ಎರಡು ತುಣುಕು. ಹತ್ತಿರದ ಬಂಧು ಗ್ರೀನ್ ವಾರ್ಬ್ಲರಿನದು ಮೂರರಂತೆ ಕೇಳುತ್ತದೆ. ಸಂಶಯ ಬಂದ ದಿನ ‘ಗೊತ್ತಾಗಲಿಲ್ಲ’ ಎಂದೇ ಬರೆದಿಟ್ಟಿದ್ದೇನೆ.

ಗೆಳತಿಯರೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನೋಣ. ಆದರೆ ಗೊತ್ತಿರುವುದನ್ನೂ ನುಂಗಿಕೊಂಡು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುವುದು ಇನ್ನು ಸಾಕು.