ಹೊಟ್ಟಿನ ಗ್ಯಾಸು ಯಾರ ಸೊತ್ತು?

“ಕಟ್ಟಿಗೆ ಗ್ಯಾಸಿನಿಂದ ಎಂಜಿನು ಓಡಿಸುವುದೆಲ್ಲ ಆಗಿಹೋಗದ ಮಾತು, ಹಳ್ಳಿಗಳಲ್ಲಿ ಇಟ್ಟ ಯಂತ್ರಗಳು ತುಕ್ಕು ಹಿಡಿದವು” ಎನ್ನುವ ದೊಡ್ಡ ಮನುಷ್ಯರು ಎಲ್ಲ ಊರಲ್ಲೂ ಇದ್ದಾರೆ. ತುಕ್ಕು ಹಿಡಿದದ್ದು ಯಂತ್ರಕ್ಕೋ ವ್ಯವಸ್ಥೆಗೋ ಎಂಬುದನ್ನು ದುಡಿಯುವ ಜನರೇ ತೂಗಿ ನೋಡಲಿ.

ವಿದ್ಯೆ ಹಳೆಯದು. ಕಟ್ಟಿಗೆ, ತೆಂಗಿನ ಚಿಪ್ಪು, ಭತ್ತದ ಹೊಟ್ಟನ್ನು ಬಯಲಲ್ಲಿ ಸುಟ್ಟರೆ ಬೂದಿ, ಹೊಗೆ. ಮುಚ್ಚಿದ ಕುಲುಮೆಯಲ್ಲಿ ಗಾಳಿಯನ್ನು ಬಿಗಿಹಿಡಿದು ಸುಟ್ಟರೆ ಇದ್ದಿಲಾಗುತ್ತದೆ. ಆ ಇದ್ದಿಲ ಕೆಂಡದ ಮೂಲಕ ಹಾಯುವ ನೀರಾವಿ, ಕಾರ್ಬನ್ ಡೈ ಆಕ್ಸೈಡುಗಳು ಜಲಜನಕ, ಕಾರ್ಬನ್ ಮಾನಾಕ್ಸೈಡುಗಳಾಗಿ ಮಾರ್ಪಡುತ್ತವೆ. ಎರಡೂ ಉರಿಯುವಂಥವು. ಒಂದು ಕಿಲೋ ಒಣ ಕಟ್ಟಿಗೆಗೆ ಸುಮಾರು ಎರಡೂವರೆ ಘನಮೀಟರ್ ಗ್ಯಾಸು. ತಣಿಸಿ, ಡಾಂಬರಿನಂಥ ಜಿಡ್ಡು ಸೋಸಿ ಬಿಟ್ಟರೆ ಎಂಜಿನು ಓಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇದ್ದಿಲು ಬಸ್ಸುಗಳು ಓಡಿದ್ದು ಹೀಗೆಯೇ.

ಸಾಕ್ಷಿ ಬೇಕೆ? ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯ ಲೆಕ್ಕ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿ ಇಂಥ ಯಂತ್ರ ಹೂಡಿದರು. ಮುಂದೆ 20 ಕಿಲೋವ್ಯಾಟಿನದು ಬಂತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲಕ್ಕೂ ಅದೇ ಆಸರೆ; ಊರಿನವರೂ ಆಡಳಿತದಲ್ಲಿ ಪಾಲುಗೊಂಡರು. 2004ರಲ್ಲಿ ಅಚ್ಚಾದ ವರದಿಯಂತೆ, ಅದರ ಹಿಂದಿನ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ದಿನ ದೀಪ, ನೀರು ತಪ್ಪಲಿಲ್ಲ. ಉರುವಲು, ದುರಸ್ತಿ, ನಡೆಸುವ ಖರ್ಚೆಲ್ಲ ಸೇರಿ, 5 ಕಿಲೋವ್ಯಾಟಿನಷ್ಟೇ ಕೆಲಸವಿದ್ದಾಗ ಯೂನಿಟ್ಟಿಗೆ 5 ರೂ. 85 ಪೈಸೆ, 20 ಕಿಲೋವ್ಯಾಟೂ ದುಡಿದಾಗ 3 ರೂ. 34 ಪೈಸೆ.

ಶಾಲೆಯ ಹುಡುಗನೂ ಬಿಡಿಸುವ ಲೆಕ್ಕವಿದು: ಕೆಲಸವಿಲ್ಲದ ಯಂತ್ರ ದುಬಾರಿ. ಸಂಜೆ ನಾಲ್ಕು ದೀಪ ಹಚ್ಚಲು ಯಂತ್ರ ಕೊಟ್ಟು, ಫೋಟೋ ತೆಗೆಸಿಕೊಂಡು ಹೊರಟವರು ಈಗ ಯಂತ್ರವನ್ನೇ ದೂರುತ್ತಾರೆ! ಇದರ ಜಾಗ ದಿನವಿಡೀ ಕೆಲಸವಿರುವಲ್ಲಿ: ಅಕ್ಕಿಗಿರಣಿ, ಎಣ್ಣೆಗಿರಣಿ, ಬೇಕರಿ, ರೇಷ್ಮೆ ಬಿಚ್ಚಣಿಕೆಯ ಒಲೆ.

ಆದರೆ ಸಂಗಾತಿಗಳೆ, ಎಚ್ಚರ! ಲಾಭದ ವಾಸನೆ ಧಣಿಗೆ ಮೊದಲು ಹತ್ತುತ್ತದೆ. ಅವನು “ಕಸ” ಎನ್ನುವ ತೆಂಗಿನ ಗರಿ, ತೊಗರಿಕಡ್ಡಿ ಕೂಲಿ ಹೆಂಗಸಿನ ಒಲೆಯ ಉರುವಲು. ಹೊಟ್ಟು ಚಹದಂಗಡಿಯವನ ಉರುವಲು. ಕಸಕ್ಕೆ ಬೆಲೆ ಬಂದ ದಿನವೇ ಬಡವನ ಒಲೆ ಆರುತ್ತದೆ. ಕುಲುಮೆಗೆ ಕಟ್ಟಿಗೆ ತುಂಬುವವನ ಗತಿಯೇನು? ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಸೋರಿದರೆ ಜೀವವನ್ನೇ ತೆಗೆಯುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಕಾರ್ಮಿಕರೂ ಚಿಲ್ಲರೆ ವ್ಯಾಪಾರಿಗಳೂ ಕೂಡಿದ ಸಹಕಾರ ಸಂಘದ ಕೈಗೆ ಯಂತ್ರ ಬರಲಿ; ಸಾಲ ಸರಕಾರ ಕೊಡಲಿ. ಒಲೆಗೆ ಬೇಕಾದದ್ದು ಮೊದಲು, ಯಂತ್ರಕ್ಕೆ ಉಳಿದದ್ದು. ಶೆಡ್ಡಿಗೆ ಗಾಳಿ, ಗ್ಯಾಸು ಸೋರಿದರೆ ಕೂಗುವ ಗಂಟೆ ಕಡ್ಡಾಯವಾಗಲಿ. ಜಿಡ್ಡಿನ ನೀರು ಚರಂಡಿಗೆ ಬೀಳದಿರಲಿ. ಲೆಕ್ಕದ ಪುಸ್ತಕ ಎಲ್ಲರ ಮುಂದೆ ತೆರೆದಿರಲಿ.

ಇದನ್ನು ಬಿಟ್ಟು ಹೊಟ್ಟನ್ನೂ ಗ್ಯಾಸನ್ನೂ ಧಣಿಗೇ ಒಪ್ಪಿಸಿದರೆ, ದುಡಿದವನ ಪಾಲಿಗೆ ಉಳಿಯುವುದು ಬೂದಿ ಮಾತ್ರ.