ಗೋಡೆಯ ಮೇಲಿನ ಗೆರೆ

ಬೇಸಿಗೆಯ ರಜೆ ಬಂದಿತೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದೇ ರಾಗ: “ಅಮ್ಮಾ, ವಂಡರ್‌ಲಾಗೆ ಯಾವಾಗ ಹೋಗೋದು?” ಬಿಡದಿಯ ಬಳಿ ಈ ವಿನೋದೋದ್ಯಾನ 2005ರಲ್ಲಿ ತೆರೆಯಿತು. ಅಂದಿನಿಂದ ಬೆಂಗಳೂರಿನ ಸಂಬಳದಾರ ಕುಟುಂಬಗಳ ಖರ್ಚಿನ ಪಟ್ಟಿಗೆ ಒಂದು ಹೊಸ ಬಾಬು ಸೇರಿದೆ. ಐವರು ಹೋಗಿ ಬರುವಷ್ಟರಲ್ಲಿ ತಿಂಗಳ ದಿನಸಿಯ ಹಣ ಕರಗಿದರೂ ಆಶ್ಚರ್ಯವಿಲ್ಲ. ಕಳೆದ ವರ್ಷ ನಾವೂ ಹೋಗಿ ಬಂದೆವು. ನಾವು ಮಾಡಿದ ತಪ್ಪುಗಳಿಂದ ಸೋದರಿಯರಿಗಾದರೂ ನಾಲ್ಕು ಕಾಸು ಉಳಿಯಲಿ ಎಂದು ಬರೆಯುತ್ತಿದ್ದೇನೆ.

ಹೊರಡುವ ಮುನ್ನ ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆಯಿರಿ. ಅಲ್ಲಿ ಟಿಕೆಟ್ಟಿನ ದರ ಮಗುವಿನ ವಯಸ್ಸನ್ನು ಕೇಳುವುದಿಲ್ಲ. 85 ಸೆಂಟಿಮೀಟರಿಗಿಂತ ಕಡಮೆಯಿದ್ದರೆ ಪ್ರವೇಶ ಉಚಿತ. 140 ದಾಟಿತೋ, ದೊಡ್ಡವರ ದರ. ನಮ್ಮ ಹಿರಿಯ ಮಗನಿಗೆ ಹನ್ನೊಂದು ವರ್ಷವಷ್ಟೆ, ಆದರೆ ತೆಂಗಿನ ಸಸಿಯಂತೆ ಬೆಳೆದಿದ್ದಾನೆ. ಅವನಿಗೆ ಅರ್ಧ ಟಿಕೆಟ್ ಸಾಕೆಂದು ಲೆಕ್ಕ ಹಾಕಿ ಹೋದ ನಮ್ಮ ಯಜಮಾನರ ಮುಖ ಕೌಂಟರಿನ ಮುಂದೆ ಬಾಡಿಹೋಯಿತು.

ಇನ್ನು ಐದು ವರ್ಷದ ಪುಟ್ಟಿಯ ಕಥೆ. ಅವಳು ದೊಡ್ಡ ರೈಡೊಂದರ ಸಾಲಿನಲ್ಲಿ ಅಣ್ಣನ ಕೈಹಿಡಿದು ಅರ್ಧ ಗಂಟೆ ನಿಂತಳು. ಬಾಗಿಲಿನ ಬಳಿ ಅಳತೆಯ ಕಂಬ. ಹಿಮ್ಮಡಿ ಎತ್ತಿ ನಿಂತರೂ ಗೆರೆ ತಲೆಯ ಮೇಲೆಯೇ ಉಳಿಯಿತು. “ಸ್ವಲ್ಪ ತಾನೆ, ಬಿಟ್ಟುಬಿಡಪ್ಪಾ” ಎಂದು ಯಜಮಾನರು ಕೇಳಿಯೂ ನೋಡಿದರು. ಆ ಹುಡುಗ ಒಪ್ಪಲಿಲ್ಲ. ಅವನು ಒಪ್ಪದಿದ್ದುದೇ ಸರಿ. ಕುಳಿತವರನ್ನು ಒತ್ತಿ ಹಿಡಿಯುವ ಕಂಬಿ ದೊಡ್ಡ ಮೈಗೆಂದು ಮಾಡಿದುದು. ಚಿಕ್ಕ ಮಗು ಅದರಡಿಯಿಂದ ಜಾರಬಹುದು. ಕೊಟ್ಟ ಹಣ ವ್ಯರ್ಥವಾಗಬಾರದೆಂದು ಇಂಥಲ್ಲಿ ಎಂದೂ ಚೌಕಾಸಿಗಿಳಿಯಬೇಡಿ. ಆದರೆ ಅವಳ ಅಳುವನ್ನು ಇಂದಿಗೂ ಮರೆತಿಲ್ಲ. ಯಾವ ರೈಡಿಗೆ ಎಷ್ಟು ಎತ್ತರ ಬೇಕೆಂಬುದನ್ನು ನಾನು ಮೊದಲೇ ನೋಡಿಕೊಂಡು ತಿಳಿಹೇಳಿದ್ದರೆ ಆ ಅರ್ಧ ಗಂಟೆಯನ್ನು ಅವಳು ಪುಟಾಣಿಗಳ ಆಟದಲ್ಲಿ ನಗುತ್ತ ಕಳೆಯುತ್ತಿದ್ದಳು.

ನೀರಿನಾಟಕ್ಕೆ ಹತ್ತಿಯ ಬಟ್ಟೆ ನಡೆಯದು. ನೈಲಾನ್ ಅಥವಾ ಪಾಲಿಯೆಸ್ಟರಿನದೇ ಆಗಬೇಕು. ಮನೆಯಿಂದ ಒಯ್ಯದಿದ್ದರೆ ಅಲ್ಲಿಯೇ ಕೊಳ್ಳಬೇಕು. ಹೊರಗಿನ ತಿಂಡಿಯನ್ನೂ ಒಳಗೆ ಬಿಡುವುದಿಲ್ಲವಾದ್ದರಿಂದ ನನ್ನ ಚಿತ್ರಾನ್ನದ ಡಬ್ಬಿಗಳು ಗೇಟಿನ ಆಚೆಯೇ ಖಾಲಿಯಾದವು. ಅದಕ್ಕಿಂತ ಬಿಡದಿಯಲ್ಲಿ ಇಳಿದು ಬಿಸಿಬಿಸಿ ತಟ್ಟೆ ಇಡ್ಲಿ ತಿಂದು ಒಳಹೋಗುವುದು ಲೇಸು. ಮಧ್ಯಾಹ್ನ ಕಳೆಯುವವರೆಗೆ ಮಕ್ಕಳು ಹಸಿವೆನ್ನುವುದಿಲ್ಲ.

ಶನಿವಾರ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ದರವೂ ಹೆಚ್ಚು, ಸಾಲೂ ಉದ್ದ. ಯಜಮಾನರಿಗೆ ವಾರದ ನಡುವೆ ಒಂದು ರಜೆ ಸಿಗುವುದಾದರೆ ಬಿಡಬೇಡಿ. ಮೊಬೈಲಿನಲ್ಲಿ ಮುಂಗಡವಾಗಿ ಟಿಕೆಟ್ ಕೊಳ್ಳುವ ಮೊದಲು ಆ ವಾರದ ರಿಯಾಯಿತಿಗಳನ್ನು ಓದಿಕೊಳ್ಳಿ. ಮೆಟ್ರೊ 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೂ ಓಡುತ್ತಿದೆ. ಮುಂದೆ ಮೈಸೂರು ರಸ್ತೆಯ ಬಸ್ಸು ಹಿಡಿದರಾಯಿತು. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಟ್ಯಾಕ್ಸಿಯ ಹಣ ಉಳಿದರೆ ಮಕ್ಕಳ ಐಸ್‌ಕ್ರೀಮಿಗಾದೀತು.

ಅಜ್ಜಿಯನ್ನು ಕರೆದೊಯ್ಯಬೇಕೇ? “ಚೀಲ ಕಾಯುವುದಕ್ಕೆ ನನಗೊಂದು ಟಿಕೆಟ್ಟೇ?” ಎಂದು ನಮ್ಮ ಅತ್ತೆಯವರು ಗೊಣಗಿದರು. ಚೀಲವಷ್ಟೇ ಆಗಿದ್ದರೆ ಲಾಕರಿನ ಬಾಡಿಗೆಯೇ ಅಗ್ಗ. ಆದರೆ ಅಳುತ್ತಿದ್ದ ಪುಟ್ಟಿಯನ್ನು ಮಡಿಲಿಗೆಳೆದುಕೊಂಡು ಸಮಾಧಾನಪಡಿಸಿದವರು ಅವರೇ. ಎತ್ತರದಲ್ಲಿ ಅಂತರವಿರುವ ಇಬ್ಬರು ಮಕ್ಕಳಿದ್ದಲ್ಲಿ ಮೂರನೆಯ ಹಿರಿಯರೊಬ್ಬರಿರುವುದು ದುಬಾರಿಯಲ್ಲವೆಂದೇ ನನ್ನ ಎಣಿಕೆ.

ಮನೆಗೆ ಬಂದ ಮೇಲೆ ಯಜಮಾನರು ಅಡಿಗೆಮನೆಯ ಬಾಗಿಲಿನ ಪಕ್ಕ ಆ ರೈಡಿನ ಎತ್ತರಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಪುಟ್ಟಿ ಪ್ರತಿ ಭಾನುವಾರ ಬೆಳಿಗ್ಗೆ ಹಾಲು ಕುಡಿದೊಡನೆ ಹೋಗಿ ಅದರ ಕೆಳಗೆ ನಿಲ್ಲುತ್ತಾಳೆ. ಇನ್ನೂ ನಾಲ್ಕು ಬೆರಳಿನಷ್ಟು ಬಾಕಿಯಿದೆ.